ಮೂರು ಕಚೇರಿ, ಒಂದು ಕಿಡಕಿ

ಸರ್ಕಾರದ ಕೆಲಸ ಗುತ್ತೇದಾರರ ಕೈಗಿ ಹೋದ ಮ್ಯಾಲ ನಗಾಕ ನಾ ಬ್ಯಾರೆ ಕಡಿ ಹೋಗಬೇಕಾಗಿಲ್ಲ. ಮುಂಜಾನಿ ಕಿಡಕಿ ತಗದು ಕುಂತ್ರ ಸಾಕು, ನಗೂದು ತಾನೇ ಲೈನ್ ಹಚ್ಚಿ ಬರತದ.

ನಾನು ತಾಂಡೂರು ಕಡಿ ಒಂದು ಊರಾಗ ತೆರಿಗಿ ವಸೂಲಿ ಕಿಡಕಿ ಒಳಗ ಕೂಡುವಾಕಿ. ಸರ್ಕಾರಿ ನೌಕರಿಯಾಕಿ ಅಂತ ಮಂದಿ ತಿಳಕೊಂಡಾರ, ತಿಳಕೊಳ್ಳಲಿ ಬಿಡ್ರಿ. ಖರೆ ಅಂದ್ರ ನಾ ಗುತ್ತೇದಾರನ ಕೈಕೆಳಗಿನ ಆಳು. ಗುತ್ತೇದಾರ ವರ್ಷಾ ವರ್ಷಾ ಬದಲಾಗತಾನ. ಹೊಸಬ ಬಂದಾಗೊಮ್ಮೆ ನನ್ನ ಇಟ್ಟುಕೋತಾನೋ, ಮನಿಗಿ ಕಳಸತಾನೋ ಅಂತ ಚಿಂತಿ ಹತ್ತತದ. ನಮ್ಮ ಮನಿ ನಡಿಯೂದೇ ಈ ಪಗಾರದ ಮ್ಯಾಲ.

೧. ಲೈನ್ ಯಾವುದು?

ಮದ್ಲ ಮನಿ ತೆರಿಗಿಗಿ ಒಂದು ಕಚೇರಿ, ನೀರಿನ ಬಿಲ್ಲಿಗಿ ಒಂದು, ಅಂಗಡಿ ಲೈಸೆನ್ಸಿಗಿ ಒಂದು ಇತ್ತು. ಮಂದಿ ಅಡ್ಡಾಡಿ ಅಡ್ಡಾಡಿ ಸುಸ್ತಾಗತಾರ ಅಂತ ಮೂರೂ ಕೂಡಿಸಿ ಒಂದೇ ಕಿಡಕಿ ಮಾಡಿದ್ರು. ಮೊದಲ ದಿನ ಕಿಡಕಿ ತಗದು ನೋಡತೀನಿ, ಒಂದೇ ಕಿಡಕಿ ಮುಂದ ಮೂರು ಲೈನ್!

"ಯಾವ ಲೈನಿನ್ಯಾಗ ನಿಂತ್ರೂ ನನ್ನ ಹತ್ರನೇ ಬರತೀರಿ. ಒಂದೇ ಲೈನ್ ಮಾಡ್ರಿ" ಅಂದೆ.

ಮುಂದಿದ್ದ ಅಜ್ಜನಿಗಿ ಸಿಟ್ಟು ಬಂತು. "ಹಂಗ ಹ್ಯಾಂಗ ಆಗತದವ್ವಾ? ನಂದು ನೀರಿಂದು, ಆತಂದು ಮನೀದು. ನೀರಿನವ್ರು ಮನಿಯವ್ರ ಹಿಂದ ಯಾಕ ನಿಲ್ಲಬೇಕು?"

ಹೇಳಿ ಹೇಳಿ ನನ್ನ ಗಂಟಲಾ ಒಣಗಿತು, ಯಾರೂ ಜಾಗಾ ಬಿಡಲಿಲ್ಲ. ಮಧ್ಯಾಹ್ನ ತಲಿ ಎತ್ತಿದ್ರ ನಾಲ್ಕನೇ ಲೈನ್ ಕಂಡಿತು.

"ಅಣ್ಣಾ, ನೀವು ಯಾತಕ್ಕ ನಿಂತೀರಿ?"

"ಗೊತ್ತಿಲ್ಲಕ್ಕಾ. ಆ ಮೂರೂ ತುಂಬಿದ್ವು, ಅದಕ್ಕ ಇಲ್ಲಿ ನಿಂತೀವಿ."

೨. ಗಿರಾಕಿ

ಆ ವರ್ಷದ ಗುತ್ತೇದಾರ ನಮಗ ತರಬೇತಿ ಕೊಡಾಕ ಶಹರದಿಂದ ಒಬ್ಬರನ್ನ ಕರಸಿದ್ದ. "ತೆರಿಗಿ ಕಟ್ಟೋರು ಅನ್ನಬ್ಯಾಡ್ರಿ, ಗಿರಾಕಿ ಅನ್ರಿ. ನಗತಾ ಮಾತಾಡ್ರಿ" ಅಂತ ಆತ ಹೇಳಿಕೊಟ್ಟು ಹೋದ. ಹೇಳೂದು ಸಸಾರ, ಅನುಭವಿಸಿದಾಕಿ ನಾನು.

ನಾರಾಯಣಖೇಡ ಕಡಿಂದ ಬಂದು ನಮ್ಮೂರಾಗ ಬಳಿ ಅಂಗಡಿ ಇಟ್ಟಾಕಿ ಒಬ್ಬಾಕಿ ಲೈಸೆನ್ಸಿಗಿ ಬಂದಳು. ನಾ ಹಲ್ಲು ಕಿಸಿದು "ಬರ್ರಿ, ನೀವು ನಮ್ಮ ಗಿರಾಕಿ" ಅಂದೆ. ಅಷ್ಟೇ ನೋಡ್ರಿ, ಆಕಿ ಸೆರಗು ಸೊಂಟಕ್ಕ ಸಿಗಿಸಿ ನಿಂತಳು.

"ಎಷ್ಟಕ್ಕ ಕೊಡತಿ ಲೈಸೆನ್ಸು?"

ಫೀಸು ಹೇಳಿದೆ.

"ಅಯ್ಯ ನಮ್ಮವ್ವಾ! ಜಹೀರಾಬಾದಿನ್ಯಾಗ ಇದಕ್ಕ ಅರ್ಧಾ ರೊಕ್ಕಾನೂ ಇಲ್ಲಂತ. ಸರಿಯಾಗಿ ಹೇಳು."

"ಅಕ್ಕಾ, ಇದು ಸರ್ಕಾರದ ಫೀಸು. ಕಮ್ಮಿ ಆಗಂಗಿಲ್ಲ."

"ಹೋಗಲಿ, ಎರಡು ತಗೋತೀನಿ. ಒಂದು ನಮ್ಮ ತಂಗಿ ಅಂಗಡಿಗಿ. ಈಗ ಹೇಳು."

ನಾ ತಲಿ ಅಲ್ಲಾಡಿಸಿದೆ. ಆಕಿ "ಬ್ಯಾಡ ಬಿಡು" ಅಂತ ಚೀಲಾ ಎತ್ತಿಕೊಂಡು ಹೋಗೇ ಬಿಟ್ಟಳು. ಸ್ವಲ್ಪ ಹೊತ್ತಿಗಿ ಮಾರಿ ಕೆಂಪಗ ಮಾಡಿಕೊಂಡು ತಿರುಗಿ ಬಂದಳು. ರೊಕ್ಕಾ ಪೂರಾ ಎಣಿಸಿ ಕಿಡಕಿ ಒಳಗ ನೂಕಿದಳು.

"ಕರೀತಿ ಕರೀತಿ ಅಂತ ಬಸ್ ಸ್ಟ್ಯಾಂಡ್ ತನಕ ಹೋಗಿದ್ದೆ. ನಿನಗ ಧಂದಾ ಮಾಡಾಕ ಬರಂಗಿಲ್ಲ ಬಿಡವಾ" ಅಂದಳು.

೩. ಲಕ್ಷ್ಮಿ

ನಮ್ಮ ತೊಗರಿ ವ್ಯಾಪಾರಿ ಒಬ್ಬರಿದ್ದಾರ, ಭಾಳ ದೈವಭಕ್ತರು. ಬಾಕಿ ತೆರಿಗಿ ಕೇಳಾಕ ಸೋಮವಾರ ಅವರ ಮನಿಗಿ ಹೋದ್ರ "ಇವತ್ತ ಶಿವನ ವಾರ." ಮಂಗಳವಾರ, ಶುಕ್ರವಾರ "ಲಕ್ಷ್ಮಿ ಮನಿ ಹೊರಗ ಹೋಗಬಾರದು." ಸಂಜಿಕಿ ಹೋದ್ರ "ದೀಪಾ ಹಚ್ಚೀವಿ." ಮುಂಜಾನಿ ಹೋದ್ರ "ಇನ್ನೂ ಬೋಣಿ ಆಗಿಲ್ಲ." ತೊಗರಿ ಕೊಂಡಾಗ ಮಾತ್ರ ಲಕ್ಷ್ಮಿ ಯಾವ ವಾರಾ ನೋಡದೇ ಹೊರಗ ಬರತಾಳ.

ಒಂದು ದಿನ ನನಗೂ ತಲಿ ಓಡಿತು. "ಅಪ್ಪಾರೇ, ಫೋನಿನಿಂದ ಕಟ್ಟಿ ಬಿಡ್ರಿ. ಲಕ್ಷ್ಮಿ ನಿಮ್ಮ ಮನಿ ಬಿಟ್ಟು ಹೋಗಂಗಿಲ್ಲ, ಬ್ಯಾಂಕಿನಿಂದ ಹೋಗತಾಳ" ಅಂದೆ.

ಅವರು ಕಣ್ಣು ಮುಚ್ಚಿ ವಿಚಾರ ಮಾಡಿದ್ರು. "ನೀ ಹೇಳೂದು ಖರೆ ಅದ ತಂಗಿ. ಆದ್ರ ಇವತ್ತ ಬ್ಯಾಂಕಿಗಿ ರಜಾ. ಸೂಟಿ ದಿನ ಆಕಿಗಿ ಯಾಕ ತ್ರಾಸು ಕೊಡಬೇಕು?"

೪. ಹೊಸ ಗುತ್ತೇದಾರ

ಈ ಸಲ ವಸೂಲಿ ಗುತ್ತಿಗಿ ನಮ್ಮೂರಿನ, ನೆಲಕ್ಕ ಹಾಸೋ ಪರಸಿ ಕಲ್ಲು ಪಾಲಿಶ್ ಮಾಡಿಸೋ ಸಾವ್ಕಾರರೇ ಹಿಡಿದ್ರು. ಬಂದ ದಿನವೇ ಮೇಜು ಬಡದು ಹೇಳಿದ್ರು, "ಬಾಕಿಯವ್ರ ಪಟ್ಟಿಯೊಳಗ ಎಲ್ಲಾಕ್ಕಿಂತ ಮ್ಯಾಲ ಇರೋ ಮೊಂಡನಿಂದ ಶನಿವಾರದೊಳಗ ವಸೂಲಿ ಆಗಬೇಕು. ಕೊಡಲಿಲ್ಲಾಂದ್ರ ಅವನ ಮನಿ ಮುಂದ ಹಲಗಿ ಬಾರಸ್ರಿ, ಓಣಿ ಮಂದಿ ಮುಂದ ಮಾನ ಹೋಗಲಿ. ಆಗದಿದ್ರ, ತಂಗಿ, ಸೋಮವಾರ ನೀ ಕೆಲಸಕ್ಕ ಬರಬ್ಯಾಡ."

ಪಟ್ಟಿ ನೋಡಿದೆ. ಎಲ್ಲಾಕ್ಕಿಂತ ಮ್ಯಾಲ ಇದ್ದವ್ರು ಈ ಸಾವ್ಕಾರರೇ!

ಮಂದಿ ಹೋದ ಮ್ಯಾಲ ಮೆಲ್ಲಗ ಹೇಳಿದೆ, "ಸಾವ್ಕಾರ್ರೇ, ಆ ಹೆಸರು ತಮ್ಮದೇ ಅದರಿ."

ಅವರು ಕೆಮ್ಮಿದ್ರು. "ನೋಡು, ಇಲ್ಲಿ ನಾ ಗುತ್ತೇದಾರ. ಆಫೀಸಿನ್ಯಾಗ ಮನಿ ಮಾತು ಬ್ಯಾಡ. ಮನಿಗಿ ಬಂದು ಕೇಳು."

ಮನಿಗಿ ಹೋದೆ. ಜೋಕಾಲಿ ಮ್ಯಾಲ ಕುಂತಿದ್ರು. "ಮನ್ಯಾಗ ಆಫೀಸ್ ಮಾತು ಬ್ಯಾಡ. ನಾಳಿ ಆಫೀಸಿಗಿ ಬಾ" ಅಂದ್ರು.

ಹಿಂಗ ಅಲ್ಲಿಂದ ಇಲ್ಲಿಗಿ, ಇಲ್ಲಿಂದ ಅಲ್ಲಿಗಿ ಅಡ್ಡಾಡಿ ನನ್ನ ಚಪ್ಪಲಿ ಸವದ್ವು. ಶನಿವಾರ ಬಂದೇ ಬಂತು. ಹೋದ್ರ ನೌಕರಿ ಹೋಗಲಿ, ಹೆಂಗೂ ಹೋಗೂದೇ ಅದ ಅಂತ ಗಟ್ಟಿ ಮನಸ್ಸು ಮಾಡಿದೆ. ಹಲಗಿ ಬಾರಸೋ ಇಬ್ಬರನ್ನ ಕರಕೊಂಡು ಸಾವ್ಕಾರರ ಮನಿ ಮುಂದ ಹೋಗಿ ನಿಂತೆ.

"ಜೋರಾಗೇ ಬಾರಿಸೂದೇನಕ್ಕಾ?" ಅಂದ ಒಬ್ಬ.

"ಜೋರಾಗೇ ಬಾರಿಸಪ್ಪಾ."

ಓಣಿಗಿ ಓಣಿಯೇ ಹೊರಗ ಬಂತು. ಸಾವ್ಕಾರರ ಹೆಂಡ್ತಿ ಅವ್ವಾರು ಜ್ವಾಳಾ ಕೇರೋ ಮರ ಹಿಡಕೊಂಡೇ ಬಾಗಿಲಿಗಿ ಬಂದ್ರು. "ಯಾರದು ಮದಿವಿ?"

"ಮದಿವಿ ಅಲ್ಲರಿ ಅವ್ವಾರೇ. ತೆರಿಗಿ ಬಾಕಿ."

ಅಷ್ಟರಾಗ ಸಾವ್ಕಾರರು ಬನಿಯನ್ ಮ್ಯಾಲೇ ಹೊರಗ ಬಂದ್ರು. ಕಣ್ಣಿಗಿ ಚಾಳೀಸಿಲ್ಲ, ಗದ್ದಲದಾಗ ನಾ ಕಾಣಲಿಲ್ಲ. ಸಿಟ್ಟಿನ ಭರದಾಗ ತಾವೇ ಗುತ್ತೇದಾರ ಅನ್ನೂದೂ ಮರತು, ಹಳೇ ರೂಢಿಯಂಗ ಕಚೇರಿಗಿ ಫೋನ್ ಹಚ್ಚಿದ್ರು. ಮೂರೂ ಕಚೇರಿ ಕೂಡಿಸಿದ ಮ್ಯಾಲ ತಕರಾರಿನ ಫೋನೂ ಒಂದೇ ಆಗ್ಯಾದ, ಅದು ನನ್ನ ಚೀಲದಾಗ ಇರತದ. ಟ್ರಿಣ್ ಟ್ರಿಣ್ ಅಂತು. ಎತ್ತಿದೆ.

"ನಮಸ್ಕಾರರಿ, ಸೇವಾ ಕಿಡಕಿ. ಹೇಳ್ರಿ."

"ಏನು ಹೇಳೂದು! ಮಾನವಂತರ ಮನಿ ಮುಂದ ಹಲಗಿ ಬಾರಸತೀರಾ? ನಿಮ್ಮ ಗುತ್ತೇದಾರಗ ಫೋನ್ ಕೊಡು ಮದ್ಲ!"

ನಾ ಏನು ಮಾಡಲಿ? ಮಂದಿ ಸರಿಸಿ ಮುಂದ ಹೋಗಿ, ನನ್ನ ಫೋನ್ ಅವರ ಕೈಯಾಗ ಇಟ್ಟೆ. "ತಗೋರಿ, ಗುತ್ತೇದಾರರು ಇಲ್ಲೇ ಇದ್ದಾರ."

ಹಲಗಿ ನಿಂತಿತು. ಸಾವ್ಕಾರರು ಎರಡೂ ಕಿವಿಗಿ ಎರಡು ಫೋನ್ ಹಿಡಕೊಂಡು ಹಂಗೇ ನಿಂತ್ರು. ಓಣಿ ಮಂದಿ ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ರು.

"ನೀವಿಬ್ಬರೂ ಮಾತಾಡಿ ಮುಗಿಸ್ರಿ, ನಾ ರೊಕ್ಕಾ ತರತೀನಿ" ಅಂದು ಅವ್ವಾರು ಒಳಗ ಹೋದ್ರು. ಪೂರಾ ಬಾಕಿ ತಂದು ಕೊಟ್ರು. ನಾ ಅಲ್ಲೇ ರಸೀದಿ ಹರದು ಕೊಟ್ಟೆ.

ಸಾವ್ಕಾರರು ರಸೀದಿ ನೋಡಿ, ಗಂಟಲಾ ಸರಿ ಮಾಡಿಕೊಂಡು, ಆಫೀಸಿನ ಧ್ವನಿ ತಗದ್ರು. "ಆತು. ವಸೂಲಿ ಆಗ್ಯಾದ. ಸೋಮವಾರ ಕೆಲಸಕ್ಕ ಬಾ."

ನನಗ ಹೋದ ಜೀವಾ ಬಂದಂಗಾತು. ಕೈ ಮುಗದು ಹೊಂಟೆ. ನಾಲ್ಕು ಹೆಜ್ಜಿ ಹೋಗಿರಲಿಲ್ಲ, ಹಿಂದಿಂದ ಕೂಗಿದ್ರು.

"ತಂಗಿ! ಇದು ಮನಿ ಮಾತು. ಆ ನಿಮ್ಮ ಗುತ್ತೇದಾರಗ ಹೇಳು, ಇಷ್ಟು ನಾಚಿಕಿ ಬಿಟ್ಟ ಮನಿಷಾನ್ನ ನಾ ಎಲ್ಲೂ ನೋಡಿಲ್ಲ ಅಂತ!"