ಒಲೆ ಮುಂದೆ ಕೂತವಳ ಪಟ

ಚಿತ್ರ ಬರೆಯುವವನ ಕಷ್ಟ ಶುರುವಾಗುವುದೇ ಬರೆದು ಮುಗಿಸಿದ ಮೇಲೆ. ಹುಣಸೂರಿನ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದಷ್ಟು ಕಾಲವೂ ನನಗೆ ಇಂಥದ್ದು ಒಂದಲ್ಲ ಒಂದು ಆಗುತ್ತಲೇ ಇತ್ತು. ಮೈಸೂರಿನಲ್ಲಿ ವರ್ಷಗಟ್ಟಲೆ ಕಲಿತು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿಕೊಂಡವನು ನಾನು. ರಜಾ ದಿನಗಳಲ್ಲಿ ಸುತ್ತಲಿನ ಊರವರಿಗೆ ಪಟ ಬರೆದುಕೊಡುತ್ತಿದ್ದೆ.

೧. ಕಿಟಕಿ

ಒಬ್ಬ ಪಟೇಲರನ್ನು ಕಿಟಕಿಯ ಪಕ್ಕ ಕೂರಿಸಿ ಬರೆದೆ. ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ನೆರಳು. ಆ ನೆರಳು ಕಲಿಯುವುದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಅವರ ಹೆಂಡತಿ ಪಟ ನೋಡಿದರು, ಗಂಡನನ್ನು ನೋಡಿದರು, ಮತ್ತೆ ಪಟ ನೋಡಿದರು.

"ಒಂದ್ ಕೆನ್ನೆಗೆ ಮಸಿ ಯಾಕ್ ಬಳುದ್ರಿ ಮೇಷ್ಟ್ರೇ?"

"ಮಸಿಯಲ್ಲ ತಾಯಿ, ನೆರಳು. ಬೆಳಕು ಕಿಟಕಿ ಕಡೆಯಿಂದ ಬರ್ತಿತ್ತಲ್ಲ."

ಪಟೇಲರು ದೊಡ್ಡ ಮನಸ್ಸು ಮಾಡಿದರು. "ಓಗ್ಲಿ ಬುಡಿ, ನಿಮ್ದೇನೂ ತಪ್ಪಿಲ್ಲ. ಕಿಟ್ಕಿ ಮುಚ್ಚುಸ್ತೀನಿ. ಎರ್ಡೂ ಕಡೆ ಒಂದೇ ಸಮ ಬರ್ದ್ಬುಡಿ."

೨. ಗೊತ್ತಿಲ್ಲದ ಮೂಗು

ಪಿರಿಯಾಪಟ್ಟಣದ ಕಡೆಯಿಂದ ಒಬ್ಬ ರೈತ ಬಂದ. ಹೆಂಡತಿ ಪ್ಲೇಗಿನಲ್ಲಿ ತೀರಿಕೊಂಡಿದ್ದಳು. ಅವಳ ಪಟ ಬೇಕಿತ್ತು. ಫೋಟೋ ತೆಗೆಸಿದವರಲ್ಲ.

"ಮೂಗು ಹೇಗಿತ್ತು?" ಎಂದು ಕೇಳಿದೆ.

"ಗೊತ್ತಿಲ್ಲ ಸ್ವಾಮಿ."

"ಕಣ್ಣು?"

ಅವನು ತಲೆ ತಗ್ಗಿಸಿದ. "ತುಂಬಿದ್ ಮನೆ. ಅವ್ವನ್ ಮುಂದೆ ಎಂಡ್ರು ಮಕ ನೋಡಕಾಯ್ತದಾ? ದೀಪ ಆರ್ಸಿದ್ ಮ್ಯಾಲೇ ಮಾತು. ನಾನ್ ನೋಡಿರೋದು ಬೆನ್ನು ಕಣ್ ಸ್ವಾಮಿ. ಒಲೆ ಮುಂದೆ ಕೂತು ಊದೋಳು. ಅದೂ ಮರ್ತೋಯ್ತದೇನೋ ಅಂತ ಭಯ. ಬೆನ್ನೇ ಬರ್ಕೊಡಿ."

ನನಗೆ ಸಂಕಟವಾಯಿತು. ಆದರೆ ಕಲಿತ ವಿದ್ಯೆ ಸುಮ್ಮನಿರಬೇಕಲ್ಲ. "ಬೆನ್ನಿನ ಪಟ ಯಾರಾದ್ರೂ ಬರೀತಾರೇನಯ್ಯ? ಪಟ ಅಂದಮೇಲೆ ಮುಖ ಇರಬೇಕು," ಎಂದೆ. ಹಣೆ, ಮೂಗು, ತುಟಿ ಎಲ್ಲವನ್ನೂ ಅಳತೆಯಂತೆ ಕೂರಿಸಿ ಒಂದು ಮುಖ ಬರೆದೆ. ನೆರಳೂ ಹದವಾಗಿ ಬಂದಿತ್ತು.

ಅವನು ಬಂದು ನೋಡಿ ಕೈ ಮುಗಿದ. "ಬಾಳ ಲಕ್ಷಣವಾಗವ್ರೆ," ಎಂದ. ಆಮೇಲೆ ಮೆಲ್ಲಗೆ ಕೇಳಿದ: "ಯಾರ್ ಮನೆಯವ್ರು ಸ್ವಾಮಿ?"

೩. ಮೇಷ್ಟ್ರ ಕಡೆಯವರು

ನನ್ನ ಮನಸ್ಸು ನೋಯಬಾರದೆಂದು ಆ ಪಟವನ್ನು ಅವನು ತೆಗೆದುಕೊಂಡೇ ಹೋಗಿದ್ದ. ಮುಂದಿನ ಬೇಸಿಗೆಯಲ್ಲಿ ಅವನ ಊರಿನ ಮೇಲೆ ಹೋಗಬೇಕಾಗಿ ಬಂದಾಗ ಊಟಕ್ಕೆ ಕರೆದ. ಪಟ ಪಡಸಾಲೆಯಲ್ಲೇ ಇತ್ತು, ಹೂವನ್ನೂ ಮುಡಿಸಿದ್ದರು. ಅಲ್ಲಿ ಕೂತಿದ್ದ ನೆಂಟರೊಬ್ಬರು ಅದು ಯಾರೆಂದು ಕೇಳಿದರು. ಅವನು ನನ್ನತ್ತ ನೋಡಿ ಮರ್ಯಾದೆಯಿಂದ ಹೇಳಿದ: "ಅವ್ರು ನಮ್ ಮೇಷ್ಟ್ರ ಕಡೆಯವ್ರು."

ನಗು ತಡೆದುಕೊಂಡು ಊಟಕ್ಕೆ ಒಳಗೆ ಹೋದೆ. ಒಲೆಯ ಹಿಂದಿನ ಗೋಡೆಯ ಮೇಲೆ ಅವನೇ ಇದ್ದಿಲಿನಲ್ಲಿ ಹೆಂಡತಿಯನ್ನು ಬರೆದಿದ್ದ. ತುರುಬು ರಾಗಿ ಮುದ್ದೆಯ ಹಾಗಿತ್ತು. ಒಂದು ಭುಜ ಮೇಲೆ, ಒಂದು ಕೆಳಗೆ. ನನ್ನ ಹುಡುಗರು ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಆದರೆ ಅವಳು ಊದುಗೊಳವೆ ಹಿಡಿದು ಬಗ್ಗಿದ್ದಳು, ಊದುವುದಕ್ಕೆಂದು ಉಸಿರು ಎಳೆದುಕೊಂಡಿದ್ದಳು. ಪಡಸಾಲೆಯಲ್ಲಿದ್ದ ನನ್ನ ಹೆಂಗಸು ಒಂದು ದಿನವೂ ಉಸಿರಾಡಿದವಳಲ್ಲ.

ಅವನ ತಾಯಿ ನಮಗೆ ಬಡಿಸಿ, ಗೋಡೆಯ ಕಡೆ ತಿರುಗಿ ಹೇಳಿದರು: "ಸಾಕು ಏಳವ್ವ, ಇನ್ನೂ ಎಷ್ಟೊತ್ತು ಊದೀಯೆ? ಮುದ್ದೆ ಆರೋಯ್ತದೆ, ಬಾ."

ಸರ್ಟಿಫಿಕೇಟು ಪಡೆದ ನಾನು, ಅವಳು ಬರಲೆಂದು ಮಣೆ ಸರಿಸಿಕೊಂಡು ದಾರಿ ಬಿಟ್ಟೆ. ಗಂಡ ಮಾತ್ರ ತಲೆ ಎತ್ತಲಿಲ್ಲ. ಅವ್ವನ ಮುಂದೆ ಹೆಂಡತಿಯ ಕಡೆ ನೋಡುವುದಕ್ಕೆ ಅವನಿಗೆ ಇನ್ನೂ ನಾಚಿಕೆ.