ಕಾದ ಮೋಟರು, ತಣ್ಣನೆ ಕೆರೆ

ಕುಣಿಗಲ್ ಕಡೆಯ ಒಂದು ಕೆರೆಯಲ್ಲಿ ಬೋಟ್ ಓಡಿಸೋನು ನಾನು. ಸುತ್ತ ಅಷ್ಟೊಂದು ನೀರಿದ್ದರೂ ನನ್ನ ಬೋಟಿನ ಮೋಟರ್‌ಗೆ ಆಗಾಗ ಜ್ವರ ಬರುತ್ತೆ. ಅದು ಬಿಸಿಯಾದಾಗಲೆಲ್ಲ ನನಗೆ ಒಂದಲ್ಲ ಒಂದು ಫಜೀತಿ.

೧. ಅಜ್ಜಿಯ ರಿಪೇರಿ

ಮೋಟರ್ ಕೆರೆ ನೀರನ್ನೇ ಎಳೆದುಕೊಂಡು ತಣ್ಣಗಾಗುತ್ತೆ. ಅದರಲ್ಲಿ ಒಂದಿಷ್ಟು ಪಕ್ಕದ ತೂತಿಂದ ಸಣ್ಣ ಧಾರೆಯಾಗಿ ಬೀಳುತ್ತೆ. ಧಾರೆ ನಿಂತರೆ ಮೋಟರ್ ಕೆಟ್ಟಿತು ಅಂತಲೇ ಲೆಕ್ಕ.

ಒಂದು ಭಾನುವಾರ ಸದಾಶಿವನಗರದ ಒಂದು ಫ್ಯಾಮಿಲಿ ಬಂದಿತ್ತು. ಕೆರೆ ಮಧ್ಯೆ ತಿರುಗಿ ನೋಡ್ತೀನಿ, ಧಾರೆಯೇ ಇಲ್ಲ! ಮೋಟರ್ ಆಫ್ ಮಾಡಿ ಬಗ್ಗಿ ನೋಡಿದರೆ ತೂತಿನೊಳಗೆ ಬಬಲ್ ಗಮ್.

ಹಿಂದಿನ ಸೀಟಿನ ಅಜ್ಜಿ, "ನಾನೇ ಕಣಪ್ಪ ಮೆತ್ತಿದ್ದು. ಆವಾಗಿಂದ ಸೋರ್ತಾನೇ ಇತ್ತು" ಅಂದರು.

"ಅಜ್ಜಿ, ಅದು ಸೋರ್ಲೇಬೇಕು!"

"ಸೋರ್ಲೇಬೇಕಾ? ಹಂಗಾದ್ರೆ ನಮ್ಮನೆ ನಲ್ಲಿ ರಿಪೇರಿ ಮಾಡ್ದೋನೂ ನೀನೇನಾ?"

೨. ಮಾವನ ಸ್ನಾನ

ಇನ್ನೊಂದು ಸಲ, ನೀರೆಳೆಯುವ ರಬ್ಬರ್ ಫ್ಯಾನ್ ಸವೆದು ಮೋಟರ್ ಕಾಯ್ತಿತ್ತು. ಹೊಸದು ಹಾಕಿದೆ. ನೀರಿಲ್ಲದೆ ಸ್ಟಾರ್ಟ್ ಮಾಡಿದರೆ ಅದೂ ಸುಟ್ಟುಹೋಗುತ್ತೆ. ಅದಕ್ಕೇ ಹೆಬ್ಬೂರಿನ ಮಾವನ ಮನೆ ಅಂಗಳದಲ್ಲಿ, ಡ್ರಮ್ ತುಂಬ ನೀರು ತುಂಬಿಸಿ ಮೋಟರ್ ಇಳಿಬಿಟ್ಟೆ. ಬೀಗರೂಟಕ್ಕೆ ಹೊರಟಿದ್ದ ಮಾವ, ಇಸ್ತ್ರಿ ಪಂಚೆಯಲ್ಲೇ ಬಂದು ಬಗ್ಗಿ ನೋಡ್ತಾ ನಿಂತರು.

ಸ್ಟಾರ್ಟ್ ಆಯ್ತು. ಧಾರೆಯೂ ಬಂತು. ಖುಷಿಯಲ್ಲಿ ನನ್ನ ಕೈ ಗೇರಿಗೆ ತಗುಲಿತು. ನೀರೊಳಗಿದ್ದ ಪಂಕ ಗಿರ್ರನೆ ತಿರುಗಿ, ಡ್ರಮ್ಮಿನ ಅರ್ಧ ನೀರು ಮಾವನ ಮೇಲೆ!

ಅವರು ನಿಧಾನವಾಗಿ ಮುಖ ಒರೆಸಿಕೊಂಡರು. "ಅವತ್ತು ಮಗಳನ್ನ ನಿಮಗೆ ಧಾರೆ ಎರೆದೆ. ಇವತ್ತು ನನಗೇ ಎರೆದ್ಬುಟ್ರಲ್ಲ, ಅಳಿಯಂದ್ರೆ!"

೩. ಮದುವೆಗೆ ಮುಂಚಿನ ಫೋಟೋ

ಗುಬ್ಬಿ ಹುಡುಗಿ, ಕ್ಯಾತ್ಸಂದ್ರದ ಹುಡುಗ. ಫೋಟೋ ಶೂಟ್‌ಗೆ ಬೋಟ್ ಹತ್ತಿದ್ದರು. ದಡದಲ್ಲಿ ಫೋಟೋಗ್ರಾಫರ್, ಜೊತೆಗೆ ಎರಡೂ ಕಡೆಯ ಬೀಗರು.

ಕೆರೆ ಮಧ್ಯೆ ಮೋಟರ್ ಕುಂಯ್ ಅಂತ ಕೂಗಿಕೊಂಡಿತು. ನೀರೆಳೆಯುವ ಬಾಯಿಗೆ ಕಳೆ ಸುತ್ತಿಕೊಂಡಿತ್ತು. ಆಫ್ ಮಾಡಿ, "ಬಿಸಿ ಇದೆ, ಯಾರೂ ಮುಟ್ಬೇಡಿ" ಅಂದು ಕಳೆ ಕೀಳೋಕೆ ಬಗ್ಗಿದೆ. ಗಾಳಿ ಬೋಟನ್ನ ಜೊಂಡಿನ ಕಡೆ ತಳ್ತಾ ಇತ್ತು. ದಡದಲ್ಲಿ ಹುಡುಗಿ ತಾಯಿ "ಅಯ್ಯೋ ನನ್ ಮಗ್ಳೇ" ಅಂತ ಶುರು ಮಾಡಿದರು.

ಹುಡುಗ ಎದ್ದು ನಿಂತ. "ಹೆದರ್ಬೇಡ ಕಣೇ, ನಾನಿದೀನಿ!" ಅಂದವನೇ ಮೋಟರ್ ಕವರ್ ತೆಗೆದು ಒಳಗೆ ಕೈ ಹಾಕಿದ.

"ಅಮ್ಮಾ!"

ಬೆರಳನ್ನ ಕೆರೆಗೆ ಅದ್ದಿಕೊಂಡು ಕೂತುಬಿಟ್ಟ. ಹುಡುಗಿ ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಟ್ಟು ಎತ್ತಿಕೊಂಡು ದಡದ ಕಡೆ ಹಾಕೋಕೆ ಶುರು ಮಾಡಿದಳು.

ಫೋಟೋಗ್ರಾಫರ್ ಕೂಗಿದ: "ಸಾರ್, ಹುಟ್ಟು ನೀವ್ ಹಿಡ್ಕೊಳ್ಳಿ! ಫೋಟೋ ಚೆನ್ನಾಗಿ ಬರಲ್ಲ!"

ಪಕ್ಕದಲ್ಲಿದ್ದ ಹುಡುಗನ ತಾಯಿ ಅವನ ಕೈ ಹಿಡಿದು ಎಳೆದರು. "ಸುಮ್ನಿರಪ್ಪ, ಅವಳ ಕೈಲೇ ಇರ್ಲಿ ಬುಡು. ಸಂಸಾರ ದಡ ಸೇರ್ಬೇಕಲ್ಲ!"