ಬೇವಿನ ಗಿಡ, ಹೊಸ ರಸ್ತೆ ಮತ್ತು ನಮ್ಮ ಮನೆಯ ಗುಂಡುಕಲ್ಲು

ಬಾಯಿ ಸತ್ತವರಿಂದ ಯಾರಿಗೂ ತೊಂದರೆಯಿಲ್ಲ ಎಂದು ಲೋಕ ನಂಬಿದೆ. ಅದು ತಪ್ಪು. ಮಾತಾಡುವವರು ತಲೆಯಲ್ಲಿದ್ದದ್ದನ್ನು ಆಗಿಂದಾಗ ಹೊರಗೆ ಹಾಕಿ ಹಗುರಾಗುತ್ತಾರೆ. ನನ್ನಂಥವರ ತಲೆಯಲ್ಲಿ ಅದು ದೋಸೆ ಹಿಟ್ಟಿನಂತೆ ಸುಮ್ಮನೆ ಉಬ್ಬುತ್ತಾ ಕೂತು, ಒಂದು ದಿನ ಪಾತ್ರೆ ಮೀರಿ ಒಲೆಯ ತುಂಬ ಹರಿಯುತ್ತದೆ. ಮಕ್ಕಳೇ, ಈ ಸಲ ರಜೆಗೆ ಶಹಾಪುರದಿಂದ ಬಂದವರು ಆಟೋ ಇಳಿಯುತ್ತಲೇ, "ಅಜ್ಜಿ, ಕಟ್ಟಿ ಎಲ್ಲಿ ಹೋತು?" ಎಂದು ಕೇಳಿದಿರಿ. ಚಹಾ ಇಡುವ ನೆಪ ಮಾಡಿ ನಾನು ಒಳಗೆ ಹೋದೆ. ಎದುರಿಗೆ ಕೂತು ಹೇಳಲು ನಾಚಿಕೆ. ತವರೂರು ಮುದನಾಳದ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇಂಥ ಹೊತ್ತಿಗಲ್ಲದೆ ಮತ್ತೆ ಯಾವಾಗ ಉಪಯೋಗಕ್ಕೆ ಬರಬೇಕು? ಅದಕ್ಕೇ ಬರೆಯುತ್ತಿದ್ದೇನೆ.

ಯಾದಗಿರಿಯ ಈ ಓಣಿಗೆ ನಾನು ಸೊಸೆಯಾಗಿ ಬಂದಾಗ ಆ ಬೇವಿನ ಗಿಡ ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ. ಯಾರೂ ನೆಟ್ಟದ್ದಲ್ಲ, ಯಾವುದೋ ಕಾಗೆಯ ಕೃಪೆ. ನಿಮ್ಮ ಅಜ್ಜನಿಗೆ ಊಟವಾದ ಮೇಲೆ ಹೊರಗೆ ಬಂದು ಕೈ ತೊಳೆಯುವ ಚಟವಿತ್ತು. ಬಚ್ಚಲಿಗೆ ಹೋಗಲು ಬೇಸರ, ಅಷ್ಟೇ. ಮಾವನವರು ಸಸಿ ಕೀಳಲು ಹೋದಾಗ ಇವರು, ಇರಲಿ ಬಿಡಿ, ಕೈ ತೊಳೆಯಲು ಒಂದು ಜಾಗವಾಯಿತು ಎಂದರು. ನಿಮ್ಮ ಪುಸ್ತಕಗಳಲ್ಲಿ ಪರಿಸರ ಪ್ರೇಮ ಎಂದು ಬರೆದಿರುತ್ತದಲ್ಲ, ನಮ್ಮ ಮನೆಯಲ್ಲಿ ಅದು ಹುಟ್ಟಿದ್ದು ಸೋಮಾರಿತನದಿಂದ. ಅನ್ನದ ಅಗುಳು, ಮಜ್ಜಿಗೆ ನೀರು ಕುಡಿದ ಸಸಿ ನಿಮ್ಮ ಅಪ್ಪನ ಜೊತೆಜೊತೆಗೇ ಬೆಳೆಯಿತು. ನಿಮ್ಮ ಅಪ್ಪ ಬೆಳೆಯುವುದು ನಿಂತ ಮೇಲೂ ಅದು ಬೆಳೆಯುತ್ತಲೇ ಹೋಯಿತು. ಆಮೇಲೆ ಇವರು ಅದರ ಸುತ್ತ ಪರಸಿ ಕಲ್ಲು ಹಾಸಿ, ನಮ್ಮ ಹೊಸ್ತಿಲಿಗೆ ಕೂಡುವಂತೆ ಕಟ್ಟೆ ಕಟ್ಟಿದರು. ನಮ್ಮ ಓಣಿಯಲ್ಲಿ ಮನೆ ಕಟ್ಟಿದವರೆಲ್ಲ ಒಂದಿಷ್ಟು ರಸ್ತೆಯನ್ನು ಕಟ್ಟೆಯ ಹೆಸರಿನಲ್ಲಿ ಒಳಗೆ ಹಾಕಿಕೊಳ್ಳುವುದು ರೂಢಿ. ಅದನ್ನು ಯಾರೂ ಕಳವು ಎನ್ನುವುದಿಲ್ಲ. ಕಟ್ಟೆಯಿಲ್ಲದ ಮನೆಗೆ ಹೆಣ್ಣು ಕೊಡಲು ಮಾತ್ರ ಹಿಂದೆಮುಂದೆ ನೋಡುತ್ತಿದ್ದರು.

ಪಕ್ಕದ ಮನೆಯ ರಾಬಿಯಾ ಬೀ ತನ್ನ ಬಳೆ ಬುಟ್ಟಿಯನ್ನು ಆ ನೆರಳಿಗೆ ತಂದಿಟ್ಟದ್ದು ನಾನು ಬಂದ ಎಷ್ಟೋ ವರ್ಷಕ್ಕೆ. ಸಂಕೋಚದ ನನ್ನ ಬಾಯಿಂದ ನಾಲ್ಕು ಮಾತು ಹೊರಡಿಸಿದವಳು ಅವಳೊಬ್ಬಳೇ. ಸುರಪುರದ ಸಂತೆಯಿಂದ ಹೊಸ ಬಳೆ ತಂದಾಗಲೆಲ್ಲ ಮೊದಲು ನನ್ನ ಕೈಗೆ ತೊಡಿಸಿ ನೋಡುತ್ತಿದ್ದಳು. ಬಿಸಿಲ ದಿನಗಳಲ್ಲಿ ಬೇವಿನ ಹೂವು ನಮ್ಮಿಬ್ಬರ ಸೆರಗಿನ ಮೇಲೂ ಬೀಳುತ್ತಿತ್ತು. ಸಂಜೆ ನಿಮ್ಮ ಅಜ್ಜ ಬಂದರೆ ಅವಳು ಬುಟ್ಟಿ ಸರಿಸಿ ಜಾಗ ಕೊಡುವಳು. ಅವರು, "ಇರ್ಲಿ, ಕುಂಡ್ರವಾ" ಎಂದು ಇನ್ನೊಂದು ತುದಿಗೆ ಕೂಡುವರು. ಜನ ಸೇರಿದರೆ ಆ ಕಟ್ಟೆಯ ಮೇಲೆ ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಮಾತಾಡುತ್ತಿದ್ದರು. ಆದರೂ ಅದು ನನ್ನದೇ ಕಟ್ಟೆ ಎನ್ನಿಸುತ್ತಿತ್ತು.

ಊರು ಜಿಲ್ಲೆಯಾಯಿತು, ಜನ ಹೆಚ್ಚಾದರು. ನಮ್ಮ ಓಣಿಯ ರಸ್ತೆ ಅಗಲ ಮಾಡುವ ಯೋಜನೆ ಬಂದಿದೆ, ತಕರಾರಿದ್ದವರು ಸಭೆಗೆ ಬಂದು ಹೇಳಬಹುದು ಎಂದು ಗೋಡೆಗೆ ನೋಟಿಸು ಅಂಟಿಸಿದರು. ಬೇವಿನ ಗಿಡ ಸರಿಯಾಗಿ ಹೊಸ ರಸ್ತೆಯ ಅಂಚಿಗೆ ಬರುತ್ತಿತ್ತು. ರಸ್ತೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಈ ಸಲ ಸಂಕೋಚದಿಂದಲ್ಲ. ನಿಮ್ಮ ಅಜ್ಜನಿಗೆ ಎದೆನೋವು ಬಂದಾಗ ಆಂಬುಲೆನ್ಸು ಓಣಿಯೊಳಗೆ ಬರಲಾಗದೆ ದೊಡ್ಡ ರಸ್ತೆಯಲ್ಲೇ ನಿಂತಿತ್ತು. ಹೊರಸಿನ ಮೇಲೆ ಮಲಗಿಸಿ ಹೊತ್ತುಕೊಂಡು ಹೋಗಬೇಕಾಯಿತು. ಹೊರಸಿನ ಕಾಲು ನಮ್ಮ ಕಟ್ಟೆಗೇ ಬಡಿಯಿತು. ಅವರು ಮಲಗಿದಲ್ಲಿಂದಲೇ, "ಕಲ್ಲ ಸಡಲೀತು, ಸಾವಕಾಶ ಹೋಗ್ರಿ" ಎಂದರು. ತಮ್ಮ ಎದೆಗಿಂತ ಕಟ್ಟೆಯ ಚಿಂತೆ. ಈ ಓಣಿಯಲ್ಲಿ ನಾನು ಕೇಳಿದ ಅವರ ಕೊನೆಯ ಮಾತು ಅದು. ಹೀಗಾಗಿ ನನಗೆ ರಸ್ತೆಯೂ ಬೇಕಿತ್ತು, ಗಿಡವೂ ಬೇಕಿತ್ತು.

ಇಲ್ಲೇ ನನ್ನ ದೋಸೆ ಹಿಟ್ಟು ಉಕ್ಕಿದ್ದು. ಗಿಡ ಕಡಿಯಲು ಬಂದವರು ದೇವರನ್ನು ಕಂಡರೆ ಹೆದರುತ್ತಾರೆ ಎಂದು ಯೋಚಿಸಿ, ಬುಡಕ್ಕೆ ಅರಿಶಿನ ಬಳಿದೆ, ಕುಪ್ಪಸದ ಕೆಂಪು ಖಣ ಸುತ್ತಿದೆ. ಇಡಲು ಕಲ್ಲು ಬೇಕಲ್ಲ? ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವ ನಮ್ಮ ಮನೆಯ ಗುಂಡುಕಲ್ಲನ್ನೇ ತೊಳೆದು, ಕುಂಕುಮ ಹಚ್ಚಿ ನಿಲ್ಲಿಸಿದೆ. ಬೇವಿನವ್ವ ಎಂದು ಹೆಸರೂ ಇಟ್ಟೆ. ರಾಬಿಯಾ ಬೀ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. ನಿನ್ನೆ ತಾನೆ ಈ ಅವ್ವ ನಿನಗೆ ಶೇಂಗಾ ಕುಟ್ಟಿ ಕೊಟ್ಟಳಲ್ಲ ಎಂದು ಚೇಷ್ಟೆ ಮಾಡಿದಳು. ಆಮೇಲೆ, "ಇರ್ಲಿ ಬಿಡು ಅಕ್ಕಾ, ಗಿಡ ಉಳದ್ರ ಸಾಕು. ನಾ ಏನೂ ನೋಡಿಲ್ಲ" ಎಂದು ಬಳೆಗಳನ್ನು ಒರೆಸತೊಡಗಿದಳು.

ದೇವರು ನಾನೆಣಿಸಿದ್ದಕ್ಕಿಂತ ಬೇಗ ಪ್ರಸಿದ್ಧಳಾದಳು. ಆಚೆ ಓಣಿಯ ಹೆಂಗಸರು ಊದಿನಕಡ್ಡಿ ತಂದರು, ಹರಕೆ ಹೊತ್ತರು. ಯಾರೋ ಮೇಲೆ ತಗಡು ಹಾಕಿಸುವ ಮಾತಾಡಿದರು. ನಾನು ಒಳಗೊಳಗೇ ಉಬ್ಬಿದೆ. ಮನೆಯಲ್ಲಿ ಹಿಂಡಿ ಮಾತ್ರ ಮುಗಿದುಹೋಗಿತ್ತು.

ಸಭೆಯ ದಿನ ಹೆಂಗಸರೆಲ್ಲ ಹೋದೆವು. ನಾನು ಎಲ್ಲರ ಹಿಂದೆ, ಕಂಬದ ಮರೆಗೆ. ಯೋಜನಾ ಕಚೇರಿಯ ಅಧಿಕಾರಿ ನಮ್ಮ ಕಡೆಯ ಹುಡುಗಿಯೇ. ನಕ್ಷೆ ಬಿಡಿಸಿ, ನಮ್ಮ ಗಿಡವನ್ನು ಒಂದು ಸಣ್ಣ ಹಸಿರು ಗುಂಡನೆಯ ಗೆರೆಯಲ್ಲಿ ತೋರಿಸಿದಳು. ನಮಗಿಂತ ಮೊದಲೇ ಗಿಡ ಆ ಸಭೆಗೆ ಬಂದು ಕೂತಿತ್ತು. ನಮ್ಮ ಗುಂಪಿಗೆ ಮುಂದಾಗಿ ನಿಂತಿದ್ದ ಮುಖಂಡೆ, ಅದು ಬರೀ ಗಿಡವಲ್ಲ, ದೇವಿಯ ಸ್ಥಾನ ಎಂದು ಜೋರಾಗಿ ಹೇಳಿದಳು. ಹುಡುಗಿ ಪೆನ್ನು ಕೆಳಗಿಟ್ಟಳು.

"ಅಲ್ಲೇ ತೊಡಕಾಗೇದ ನೋಡ್ರಿ ಅವ್ವಾರ. ಬರೇ ಗಿಡ ಇದ್ರ ಕಾನೂನು ಗಿಡದ ಕಡೀಗಿ ಇರ್ತದ. ಸುಮ್ಮ ಸುಮ್ಮನ ಕಡೀಲಿಕ್ಕೆ ನಮಗೂ ಬರೂದಿಲ್ಲ, ಪರವಾನಗಿ ಬೇಕು. ರಸ್ತಾನ ಒಂದೀಟು ಸರಿಸಿದ್ರ ಆಗ್ತಿತ್ತು. ಆದ್ರ ರಸ್ತಾದಾಗ ಹೊಸಾ ಗುಡಿಗಿ ಜಾಗ ಬಿಡ್ಲಿಕ್ಕೆ ಬರೂದಿಲ್ಲ. ಇವತ್ತು ಕಲ್ಲು, ನಾಳಿ ತಗಡು, ನಾಡದು ಗ್ವಾಡಿ. ಹಂಗಾದ್ರ ಆ ಜಾಗಾನ ಪೂರಾ ಖಾಲಿ ಮಾಡಬೇಕಾಗ್ತದ."

ಸುಮ್ಮನಿದ್ದಿದ್ದರೆ ಉಳಿಯುತ್ತಿದ್ದ ಗಿಡಕ್ಕೆ ನಾನೇ ದೇವರನ್ನು ತಂದು ಕೊಡಲಿಯ ಎದುರು ನಿಲ್ಲಿಸಿದ್ದೆ. ದೇವಿಯನ್ನು ತೆಗೆದುಬಿಡಿ ಎಂದರೆ ಯಾರು ಮುಟ್ಟುತ್ತಾರೆ? ಜೋರಾಗಿ ಮಾತಾಡಿದ ಮುಖಂಡೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ರಾಬಿಯಾ ಬೀ ನನ್ನ ಪಕ್ಕೆಗೆ ತಿವಿದಳು. "ಏಳ ಅಕ್ಕಾ. ನೀ ಹೇಳಿದ್ರ ನಗತಾರ, ನಾ ಹೇಳಿದ್ರ ಜಗಳ ಆಗ್ತದ."

ಎದ್ದೆ. ಇದಕ್ಕೂ ಮೊದಲು ಗಂಡಸರಿರುವ ಸಭೆಯಲ್ಲಿ ನಾನು ಎದ್ದು ನಿಂತದ್ದು ನನ್ನ ಮದುವೆಯಲ್ಲಿ ಮಾತ್ರ. ಆಗಲೂ ಯಾರೋ ಹಿಡಿದು ನಿಲ್ಲಿಸಿದ್ದರು. ನಕ್ಷೆಯನ್ನೇ ನೋಡುತ್ತಾ ಹೇಳಿದೆ: "ಅದು ನಮ್ಮನಿ ಗುಂಡಕಲ್ಲ್ರಿ. ಹಿಂಡಿ ಕುಟ್ಟೂದು. ನಾ ಒಯ್ತೀನಿ. ಗಿಡ ಒಂದು ಬಿಡ್ರಿ."

ಸಭೆ ನಕ್ಕಿತು. ಹುಡುಗಿಯೂ ನಕ್ಕಳು, ಆದರೆ ನಕ್ಷೆಯಿಂದ ಕಣ್ಣು ತೆಗೆಯಲಿಲ್ಲ. ಗಿಡ ಉಳಿಯಲಿ, ರಸ್ತೆಯನ್ನು ಆಚೆಗೆ ಸ್ವಲ್ಪ ಬಾಗಿಸೋಣ ಎಂದಳು. ಆಮೇಲೆ ಹಸಿರು ಗೆರೆಯ ಪಕ್ಕ ಬೆರಳಿಟ್ಟು ಕೇಳಿದಳು: "ಈ ಕಟ್ಟಿ ಯಾರದು?"

ಅಕ್ಕಪಕ್ಕದವರೆಲ್ಲ ನನ್ನ ಕಡೆ ನೋಡಿದರು. ಕಟ್ಟೆ ಗಿಡವನ್ನೂ ದಾಟಿ ರಸ್ತೆಯೊಳಗೆ ಚಾಚಿತ್ತು; ಗಿಡ ಬಿಟ್ಟು ರಸ್ತೆ ಬಾಗಬೇಕೆಂದರೆ ಕಟ್ಟೆ ಹೋಗಲೇಬೇಕಿತ್ತು. ನಮ್ಮ ಅತ್ತೆ ಇಬ್ಬರು ಮಕ್ಕಳ ನಡುವೆ ಕೊನೆಯ ರೊಟ್ಟಿ ಹರಿದು ಕೊಡುತ್ತಿದ್ದುದು ನೆನಪಾಯಿತು. ಇಬ್ಬರೂ ಗೊಣಗುತ್ತಿದ್ದರು, ಇಬ್ಬರೂ ಹಸಿದು ಮಲಗುತ್ತಿರಲಿಲ್ಲ. ಅತ್ತೆಯ ತಾಟಿನಲ್ಲಿ ಮಾತ್ರ ಏನೂ ಉಳಿಯುತ್ತಿರಲಿಲ್ಲ. ಕಾನೂನು ಎಂದರೆ ಹೀಗೇ ಹರಿದು ಕೊಡುವುದೇನೋ. ಈ ಸಲ ಖಾಲಿ ತಾಟು ನನ್ನದು. "ನಮ್ಮದ್ರಿ, ತಗೀರಿ" ಎಂದು ಕೂತೆ.

ಕಲ್ಲು ಕೀಳುವ ದಿನ ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಸಾವಕಾಶ ಕೀಳಿರಿ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ನಿಮ್ಮ ಅಜ್ಜ ಕೂಡುತ್ತಿದ್ದ ತುದಿಯ ಕಲ್ಲು ನುಣ್ಣಗಾಗಿತ್ತು. ಅದೊಂದನ್ನು ಒಳಗೆ ತರಿಸಿ ಬಚ್ಚಲ ಬಾಗಿಲಿಗೆ ಹಾಕಿಸಿದ್ದೇನೆ. ಬದುಕಿದ್ದಾಗ ಬಚ್ಚಲಿಗೆ ಹೋಗಲು ಬೇಸರಪಡುತ್ತಿದ್ದವರು, ಈಗ ಅಲ್ಲೇ ಕಾವಲು. ಈಗ ಆಟೋ ಬಾಗಿಲಿಗೇ ಬರುತ್ತದೆ. ಗಿಡ ರಸ್ತೆಯ ಅಂಚಿಗೆ ನಿಂತು ಹೂವು ಉದುರಿಸುತ್ತದೆ. ರಾಬಿಯಾ ಬೀ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂಡುತ್ತಾಳೆ, ಗಾಡಿ ಬಂದರೆ ಕುರ್ಚಿ ಎತ್ತಿ ಬೈಯುತ್ತಾ ಸರಿಯುತ್ತಾಳೆ.

ಮೊನ್ನೆ ಆಚೆ ಓಣಿಯ ಹೆಂಗಸೊಬ್ಬಳು ಹೂವು, ತೆಂಗಿನಕಾಯಿ ಹಿಡಿದು ಬಂದಳು. ಮಗಳ ಲಗ್ನ ನಿಶ್ಚಯವಾಯಿತಂತೆ, ಹರಕೆ ಇತ್ತಂತೆ. ಗಿಡದ ಬುಡ ನೋಡಿ ಗಾಬರಿಯಾಗಿ, "ಬೇವಿನವ್ವ ಎಲ್ಲಿ ಹ್ವಾದಳ್ರಿ?" ಎಂದು ಕೇಳಿದಳು. ಅಷ್ಟು ದೊಡ್ಡ ಸಭೆಯಲ್ಲಿ ನಿಜ ಹೇಳಿದ ನಾನು, ಆ ಒಬ್ಬಳ ಮುಖ ನೋಡಿ ಹೇಳಲಾರದೆ ಹೋದೆ. "ಒಳಗದಾಳ" ಎಂದೆ. ಅವಳು ಹೊಸ್ತಿಲಿಗೆ ಕೈಮುಗಿದು, ತೆಂಗಿನಕಾಯಿ ನನ್ನ ಕೈಗಿಟ್ಟು ಹೋದಳು. ಕುರ್ಚಿಯ ಮೇಲಿನ ರಾಬಿಯಾ ಬೀ ನಕ್ಕದ್ದಕ್ಕೆ ಬುಟ್ಟಿಯ ಬಳೆಗಳೆಲ್ಲ ಸದ್ದು ಮಾಡಿದವು.

ನಿನ್ನೆ ನೀವು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡ ಕಾಯಿ ಚಟ್ನಿ ಆ ತೆಂಗಿನಕಾಯಿಯದೇ. ಕುಟ್ಟುವ ಮುಂಚೆ ಗುಂಡುಕಲ್ಲಿಗೆ ಕೈಮುಗಿದದ್ದನ್ನು ನಿಮ್ಮಲ್ಲಿ ಸಣ್ಣವಳು ನೋಡಿ, ಯಾಕಜ್ಜಿ ಎಂದು ಕೇಳಿದಳು. ಕೈಗೆ ಹತ್ತಿದ ರೊಟ್ಟಿ ಹಿಟ್ಟು ಝಾಡಿಸಿದೆ ಎಂದು ಹೇಳಿದೆ.